ಕಿವಿಯ ಬಳಿ ಕೂಗಬೇಕಿಲ್ಲ: ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿಕೊಂಡವರಿಗೆ ಸದ್ದು ಎಷ್ಟು ಗಟ್ಟಿಯಾಗಿ ಕೇಳಿಸುತ್ತದೆ?

ಮೂರು ವರ್ಷದ ಮಗುವಿನ ಬಲಗಿವಿಯ ಹಿಂದೆ ಒಂದು ಪುಟ್ಟ ಯಂತ್ರವಿದೆ. ಅದರಿಂದ ಹೊರಟ ತೆಳು ತಂತಿಯ ತುದಿಯಲ್ಲಿ, ಅಯಸ್ಕಾಂತದ ಬಲದಿಂದ ತಲೆಗೆ ಅಂಟಿಕೊಂಡ ದುಂಡನೆಯ ಬಿಲ್ಲೆಯಿದೆ. ಮನೆಗೆ ಬಂದ ನೆಂಟರು ಮಗುವಿನ ಹೆಸರು ಹಿಡಿದು ಕರೆಯುತ್ತಾರೆ. ಅದು ತಿರುಗಿ ನೋಡದಿದ್ದರೆ ಇನ್ನಷ್ಟು ಗಟ್ಟಿಯಾಗಿ ಕರೆಯುತ್ತಾರೆ, ಆಮೇಲೆ ಕಿವಿಯ ಬಳಿಗೇ ಬಾಗಿ ಕೂಗುತ್ತಾರೆ. ಕೊನೆಗೆ ತಾಯಿಯ ಕಡೆ ತಿರುಗಿ, "ಇಷ್ಟು ದೊಡ್ಡ ಆಪರೇಷನ್ ಮಾಡಿಸಿ ಹಾಕಿಸಿದ ಮಷಿನ್ ಅಲ್ವಾ, ವಾಲ್ಯೂಮ್ ಸ್ವಲ್ಪ ಜಾಸ್ತಿ ಇಡಿಸ್ಬಾರ್ದಾ?" ಎನ್ನುತ್ತಾರೆ.

ಈ ಯಂತ್ರ ಕಾಕ್ಲಿಯರ್ ಇಂಪ್ಲಾಂಟ್‌ನ ಹೊರಭಾಗ; ಒಳಗಿವಿಯಲ್ಲಿ ಕೂರಿಸಿದ ಅದರ ಒಳಭಾಗ ಕೇಳದ ಕಿವಿಯ ನರಕ್ಕೆ ನೇರವಾಗಿ ವಿದ್ಯುತ್ತು ಕೊಡುತ್ತದೆ. ಅಂಗವಿಕಲರಿಗೆ ನೆರವಿನ ಸಾಧನ ಒದಗಿಸುವ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಡಿ ಬಡ ಕುಟುಂಬಗಳ ಮಕ್ಕಳಿಗೂ ಇಂಪ್ಲಾಂಟ್ ದೊರೆಯುವಂತಾದ ಮೇಲೆ ಇಂತಹ ಮಕ್ಕಳು ಸಣ್ಣ ಊರುಗಳ ಅಂಗನವಾಡಿಗಳಲ್ಲೂ ಶಾಲೆಗಳಲ್ಲೂ ಕಾಣಸಿಗುತ್ತಿದ್ದಾರೆ. ಹಾಗಾಗಿ ನೆಂಟರ ಆ ಪ್ರಶ್ನೆ ಈಗ ಟೀಚರಿಗೂ, ಪಕ್ಕದ ಮನೆಯವರಿಗೂ, ಬಸ್ಸಿನಲ್ಲಿ ಜೊತೆಗೆ ಕೂತವರಿಗೂ ಬರುತ್ತಿದೆ. ಪ್ರಶ್ನೆ ಸಹಜವಾದದ್ದೇ. ಆದರೆ ಅದರ ಹಿಂದಿರುವ ಊಹೆ, ಅಂದರೆ ಹೊರಗಿನ ಸದ್ದು ಹೆಚ್ಚಿದಷ್ಟೂ ಒಳಗೆ ಹೆಚ್ಚು ಕೇಳಿಸುತ್ತದೆ ಎಂಬ ಊಹೆ, ಇಂಪ್ಲಾಂಟ್ ವಿಷಯದಲ್ಲಿ ಒಂದು ಮಿತಿಯವರೆಗೆ ಮಾತ್ರ ನಿಜ. ಆ ಮಿತಿಯನ್ನು ಗೊತ್ತುಮಾಡುವುದು ಸದ್ದಲ್ಲ, ಕಂಪ್ಯೂಟರಿನ ಮುಂದೆ ಕೂತ ಆಡಿಯಾಲಜಿಸ್ಟ್, ಅಂದರೆ ಶ್ರವಣತಜ್ಞರು.

## ಬಲ ಬೇರೆ, ಗಟ್ಟಿತನ ಬೇರೆ

ಮೊದಲು ಎರಡು ಮಾತುಗಳನ್ನು ಬಿಡಿಸಿಕೊಳ್ಳಬೇಕು. ಗಾಳಿಯಲ್ಲಿ ಬರುವ ಸದ್ದಿಗೆ ಒಂದು ಬಲವಿರುತ್ತದೆ. ಅದನ್ನು ಉಪಕರಣ ಹಿಡಿದು ಡೆಸಿಬೆಲ್ ಲೆಕ್ಕದಲ್ಲಿ ಅಳೆಯಬಹುದು. ಆ ಸದ್ದು ಕೇಳಿದವರಿಗೆ 'ಮೆಲ್ಲಗಿದೆ', 'ಜೋರಾಗಿದೆ' ಎಂದು ಅನ್ನಿಸುವುದು ಗಟ್ಟಿತನ. ಇದು ಅನುಭವ, ಆದ್ದರಿಂದ ಕೇಳಿದವರನ್ನೇ ವಿಚಾರಿಸಿ ತಿಳಿಯಬೇಕು. ಬೆಲ್ಲದಲ್ಲಿ ಸಕ್ಕರೆಯ ಅಂಶ ಎಷ್ಟಿದೆ ಎಂಬುದನ್ನು ಪ್ರಯೋಗಾಲಯ ಹೇಳಬಹುದು, ಪಾಯಸ ಎಷ್ಟು ಸಿಹಿಯಾಗಿದೆ ಎಂಬುದನ್ನು ಉಂಡವರೇ ಹೇಳಬೇಕು.

ಡೆಸಿಬೆಲ್ ಕೂಡಿಸುವ ಲೆಕ್ಕವಲ್ಲ, ಗುಣಿಸುವ ಲೆಕ್ಕ. ಪ್ರತಿ 20 ಡೆಸಿಬೆಲ್ ಏರಿದಾಗ ಗಾಳಿಯ ಒತ್ತಡದ ಏರಿಳಿತ ಹತ್ತು ಪಟ್ಟಾಗುತ್ತದೆ. ಒಳ್ಳೆಯ ಕಿವಿಗೆ ಹೆಚ್ಚುಕಡಿಮೆ 0 ಡೆಸಿಬೆಲ್‌ನಿಂದಲೇ ಕೇಳಿಸತೊಡಗುತ್ತದೆ. ಪಿಸುಮಾತು 30ರ ಆಸುಪಾಸಿನಲ್ಲಿ, ಎದುರುಬದುರು ಕೂತು ಆಡುವ ಮಾತು 60ರ ಆಸುಪಾಸಿನಲ್ಲಿ ಇರುತ್ತದೆ. 120ರ ಹೊತ್ತಿಗೆ ಕಿವಿ ನೋಯತೊಡಗುತ್ತದೆ. ಅಂದರೆ ಅತಿ ಸಣ್ಣ ಸದ್ದಿನಿಂದ ನೋವು ಕೊಡುವ ಸದ್ದಿನವರೆಗೆ ಒತ್ತಡ ಹತ್ತು ಲಕ್ಷ ಪಟ್ಟು ಏರಿರುತ್ತದೆ. ನಮಗೆ ಮಾತ್ರ ಅದು ಹತ್ತು ಲಕ್ಷ ಪಟ್ಟು ಜೋರು ಅನ್ನಿಸುವುದಿಲ್ಲ. ಸಾಮಾನ್ಯವಾಗಿ ಪ್ರತಿ 10 ಡೆಸಿಬೆಲ್‌ಗೆ ಸದ್ದು ಎರಡು ಪಟ್ಟು ಗಟ್ಟಿಯಾದಂತೆ ತೋರುತ್ತದೆ. ಹೊರಗಿನ ಅಗಾಧ ಹರವನ್ನು ಕಿವಿ ಒಳಗೆ ಬಿಟ್ಟುಕೊಳ್ಳುವಾಗಲೇ ಮಡಚಿ ಚಿಕ್ಕದು ಮಾಡಿರುತ್ತದೆ.

## ಆ ಮಡಿಕೆ ಎಲ್ಲಿ ಬೀಳುತ್ತದೆ?

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಎರಡೂವರೆ ಸುತ್ತು ಸುರುಳಿಯಾಗಿರುವ ಕಾಕ್ಲಿಯಾ ಇದೆ. ಬಿಡಿಸಿ ಚಾಚಿದರೆ ಅದರ ಉದ್ದ ಸುಮಾರು 35 ಮಿಲಿಮೀಟರ್. ಅದರೊಳಗಿನ ಪೊರೆಯ ಮೇಲೆ ರೋಮಕೋಶಗಳು ಸಾಲಾಗಿ ನಿಂತಿರುತ್ತವೆ: ಒಳಸಾಲಿನಲ್ಲಿ ಸುಮಾರು 3,500, ಹೊರಸಾಲುಗಳಲ್ಲಿ ಸುಮಾರು 12,000. ಒಳಸಾಲಿನವು ಸದ್ದಿನ ಅಲುಗಾಟವನ್ನು ನರಕ್ಕೆ ದಾಟಿಸುತ್ತವೆ. ಹೊರಸಾಲಿನವುಗಳ ಕೆಲಸ ಬೇರೆ. ಸದ್ದು ತೀರ ಸಣ್ಣದಾಗಿದ್ದರೆ ಅವು ತಾವೇ ಹಿಗ್ಗಿ ಕುಗ್ಗಿ ಪೊರೆಯ ಅಲುಗಾಟಕ್ಕೆ ಕೈಜೋಡಿಸುತ್ತವೆ. ಸದ್ದು ದೊಡ್ಡದಾದಂತೆ ಆ ನೆರವನ್ನು ಹಿಂತೆಗೆದುಕೊಳ್ಳುತ್ತವೆ. ಮೊದಲ ಮಡಿಕೆ ಬೀಳುವುದು ಇಲ್ಲಿ.

ಎರಡನೆಯದು ನರದಲ್ಲಿ. ಶ್ರವಣನರದಲ್ಲಿ ಸುಮಾರು 30,000 ಎಳೆಗಳಿವೆ, ಅವೆಲ್ಲ ಒಂದೇ ಸದ್ದಿಗೆ ಎಚ್ಚರಗೊಳ್ಳುವುದಿಲ್ಲ. ಮನೆಯಲ್ಲಿ ಮಲಗಿದವರಂತೆ: ಎಲೆ ಅಲುಗಿದರೆ ಏಳುವವರಿದ್ದಾರೆ, ಬಾಗಿಲು ಬಡಿದರೆ ಏಳುವವರಿದ್ದಾರೆ, ತಮಟೆ ಬಾರಿಸಿದರೆ ಮಾತ್ರ ಏಳುವವರೂ ಇದ್ದಾರೆ. ಎಷ್ಟು ಎಳೆಗಳು ಎದ್ದಿವೆ, ಒಂದೊಂದು ಎಷ್ಟು ಬೇಗ ಬೇಗ ಮಿಡಿಯುತ್ತಿದೆ ಎಂಬುದರಿಂದ ಮಿದುಳು ಸದ್ದಿನ ಗಟ್ಟಿತನವನ್ನು ಗ್ರಹಿಸುತ್ತದೆ.

ರೋಮಕೋಶಗಳು ಹುಟ್ಟಿನಿಂದಲೇ ಇಲ್ಲದಿದ್ದರೆ, ಅಥವಾ ಜ್ವರ, ಔಷಧಿ, ವಯಸ್ಸು ಮುಂತಾದ ಕಾರಣಗಳಿಂದ ನಾಶವಾದರೆ ಈ ಏರ್ಪಾಟೆಲ್ಲ ಹೋಗುತ್ತದೆ. ನರದ ಎಳೆಗಳು ಮಾತ್ರ ಬಹಳಷ್ಟು ಉಳಿದಿರುತ್ತವೆ. ಇಂಪ್ಲಾಂಟ್ ನಂಬಿಕೊಂಡಿರುವುದು ಅವುಗಳನ್ನೇ.

## ಸದ್ದನ್ನು ಹಿಗ್ಗಿಸುವ ಯಂತ್ರವಲ್ಲ

ವಾಲ್ಯೂಮಿನ ಕುರಿತ ತಪ್ಪುಕಲ್ಪನೆಯ ಬೇರು ಇರುವುದು ಹಿಯರಿಂಗ್ ಏಡ್‌ನಲ್ಲಿ. ಹಿಯರಿಂಗ್ ಏಡ್ ಹೊರಗಿನ ಸದ್ದನ್ನು ದೊಡ್ಡದು ಮಾಡಿ ಅದೇ ಕಿವಿಯ ದಾರಿಯಲ್ಲಿ ಒಳಕ್ಕೆ ಕಳಿಸುತ್ತದೆ. ಕಾಕ್ಲಿಯರ್ ಇಂಪ್ಲಾಂಟ್ ಸದ್ದನ್ನು ದೊಡ್ಡದು ಮಾಡುವುದೇ ಇಲ್ಲ. ಕಿವಿಯ ಹಿಂದಿನ ಪ್ರೊಸೆಸರ್ ಮೈಕಿನಿಂದ ಸದ್ದನ್ನು ಹಿಡಿದು, ಅದನ್ನು ತಗ್ಗು ಸ್ವರದಿಂದ ಹೆಚ್ಚು ಸ್ವರದವರೆಗೆ ಪಟ್ಟಿಪಟ್ಟಿಯಾಗಿ ಸೀಳಿ, ಪ್ರತಿ ಪಟ್ಟಿಯಲ್ಲಿ ಎಷ್ಟು ಬಲವಿದೆ ಎಂದು ನೋಡುತ್ತದೆ. ಆ ಲೆಕ್ಕವನ್ನು ಬಿಲ್ಲೆಯ ಮೂಲಕ ಚರ್ಮದಾಚೆ ಇರುವ ಸಾಧನಕ್ಕೆ ರವಾನಿಸುತ್ತದೆ. ಒಳಗಿನ ಸಾಧನ ಕಾಕ್ಲಿಯಾದೊಳಗೆ ತೂರಿಸಿಟ್ಟ ಎಲೆಕ್ಟ್ರೋಡುಗಳ ಮೂಲಕ ನರಕ್ಕೆ ವಿದ್ಯುತ್ತಿನ ಸಣ್ಣ ಮಿಡಿತಗಳನ್ನು ಕೊಡುತ್ತದೆ. ಆಸ್ಟ್ರೇಲಿಯಾದ ಕಾಕ್ಲಿಯರ್ ಕಂಪನಿಯ ಸಾಧನದಲ್ಲಿ 22, ಅಡ್ವಾನ್ಸ್ಡ್ ಬಯಾನಿಕ್ಸ್‌ನದರಲ್ಲಿ 16, ಆಸ್ಟ್ರಿಯಾದ ಮೆಡ್-ಎಲ್‌ನದರಲ್ಲಿ 12 ಎಲೆಕ್ಟ್ರೋಡುಗಳಿವೆ. ಸದ್ದು ಮೈಕಿನಲ್ಲೇ ಮುಗಿಯಿತು. ಅದರ ಮುಂದೆ ಸಾಗುವುದು ವಿದ್ಯುತ್ತು ಮಾತ್ರ.

ಕಿವಿಗೆ ವಿದ್ಯುತ್ತು ಕೊಟ್ಟರೆ ಸದ್ದಿನ ಅನುಭವವಾಗುತ್ತದೆ ಎಂಬುದು ಹೊಸ ವಿಷಯವೇನಲ್ಲ. ಬ್ಯಾಟರಿಯನ್ನು ಕಂಡುಹಿಡಿದ ಅಲೆಸ್ಸಾಂಡ್ರೊ ವೋಲ್ಟಾ 1800ರ ಸುಮಾರಿಗೆ ತನ್ನ ಎರಡೂ ಕಿವಿಗಳಿಗೆ ಲೋಹದ ಕಡ್ಡಿ ಇಟ್ಟುಕೊಂಡು ಬ್ಯಾಟರಿಗೆ ಜೋಡಿಸಿಕೊಂಡಿದ್ದ. ತಲೆಯೊಳಗೆ ಏನೋ ಬಡಿದಂತಾಗಿ, ಆಮೇಲೆ ಗಟ್ಟಿ ದ್ರವವೊಂದು ಕೊತಕೊತ ಕುದಿಯುವಂತಹ ಸದ್ದು ಕೇಳಿಸಿತು. ಆ ಪ್ರಯೋಗವನ್ನು ಆತ ಮತ್ತೆ ಮಾಡಲು ಹೋಗಲಿಲ್ಲ, ಅದು ಜಾಣತನವೇ. 1961ರಲ್ಲಿ ಲಾಸ್ ಏಂಜಲೀಸ್‌ನ ವಿಲಿಯಂ ಹೌಸ್, 1978ರಲ್ಲಿ ಮೆಲ್ಬರ್ನ್‌ನ ಗ್ರೇಮ್ ಕ್ಲಾರ್ಕ್ ರೋಗಿಗಳಿಗೆ ಇಂಪ್ಲಾಂಟ್ ಅಳವಡಿಸುವ ಹೊತ್ತಿಗೆ ನರವನ್ನು ಎಬ್ಬಿಸಬಹುದು ಎಂಬುದು ತಿಳಿದೇ ಇತ್ತು. ಉಳಿದ ಪ್ರಶ್ನೆಗಳಲ್ಲೊಂದು, ಎಷ್ಟು ಎಬ್ಬಿಸಬೇಕು ಎಂಬುದು.

## ಹಳೆಯ ನಲ್ಲಿಯಂತಹ ನರ

ಸಹಜ ಕಿವಿಗೆ 120 ಡೆಸಿಬೆಲ್‌ನಷ್ಟು ಹರವಿದೆ ಎಂದೆವು. ಎಲೆಕ್ಟ್ರೋಡಿನಿಂದ ಕೊಡುವ ವಿದ್ಯುತ್ತಿನಲ್ಲಿ, 'ಈಗಷ್ಟೇ ಕೇಳಿಸಿತು' ಎಂಬಲ್ಲಿಂದ 'ಇನ್ನು ಸಾಕು' ಎಂಬಲ್ಲಿಯವರೆಗಿನ ಹರವು ಸಾಮಾನ್ಯವಾಗಿ 10ರಿಂದ 20 ಡೆಸಿಬೆಲ್ ಮಾತ್ರ. ಹೊರಸಾಲಿನ ರೋಮಕೋಶಗಳ ಮಡಿಕೆ ಇಲ್ಲಿಲ್ಲ. ಒಬ್ಬೊಬ್ಬರಾಗಿ ಏಳುವ ಸರದಿಯೂ ಹೆಚ್ಚುಕಡಿಮೆ ಇಲ್ಲ. ಎಲೆಕ್ಟ್ರೋಡಿನ ಸುತ್ತಲಿನ ನರದ ಎಳೆಗಳು ವಿದ್ಯುತ್ತು ತಾಗಿದೊಡನೆ ಒಟ್ಟಿಗೇ ದಡಬಡಿಸಿ ಎದ್ದು ಕೂರುತ್ತವೆ. ಒಂದೊಂದು ಎಳೆಯೂ ಸುಮ್ಮನಿರುವ ಸ್ಥಿತಿಯಿಂದ ಪೂರ್ತಿ ಮಿಡಿಯುವ ಸ್ಥಿತಿಗೆ ಕೆಲವೇ ಡೆಸಿಬೆಲ್‌ಗಳೊಳಗೆ ಜಿಗಿಯುತ್ತದೆ.

ಹರವು ಕಿರಿದಾಗಿರುವುದಷ್ಟೇ ಅಲ್ಲ, ಅದರೊಳಗೆ ಗಟ್ಟಿತನ ಏರುವ ರೀತಿಯೂ ಬೇರೆ. ಹಳೆಯ ಮನೆಯ ಬಚ್ಚಲಿನ ನಲ್ಲಿಯನ್ನು ತಿರುಗಿಸಿದವರಿಗೆ ಇದು ಸುಲಭವಾಗಿ ಗೊತ್ತಾಗುತ್ತದೆ. ತಿರುಗಿಸಿದರೆ ತೊಟ್ಟಿಕ್ಕುತ್ತದೆ, ಇನ್ನೂ ತಿರುಗಿಸಿದರೂ ತೊಟ್ಟಿಕ್ಕುತ್ತಲೇ ಇರುತ್ತದೆ, ಆಮೇಲೆ ಕೂದಲೆಳೆಯಷ್ಟು ತಿರುಗಿಸಿದ್ದೇ ತಡ ಭುಸ್ಸೆಂದು ನುಗ್ಗಿ ಬರುತ್ತದೆ. ಲಾಸ್ ಏಂಜಲೀಸ್‌ನಲ್ಲಿ ಸಂಶೋಧನೆ ನಡೆಸಿದ ಫಾನ್‌ಗ್ಯಾಂಗ್ ಝೆಂಗ್ ಮತ್ತು ರಾಬರ್ಟ್ ಶಾನನ್ 1994ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಗಣಿತದಲ್ಲಿ ತೋರಿಸಿತು: ಸೆಕೆಂಡಿಗೆ ಸುಮಾರು 300ಕ್ಕಿಂತ ಹೆಚ್ಚು ಸಲ ಏರಿಳಿಯುವ ವಿದ್ಯುತ್ತನ್ನು ನರಕ್ಕೆ ಕೊಟ್ಟಾಗ ಗಟ್ಟಿತನವು ವಿದ್ಯುತ್ತಿನ ಜೊತೆ ಸಮಸಮವಾಗಿ ಏರದೆ, ಚಕ್ರಬಡ್ಡಿಯಂತೆ ಏರುತ್ತದೆ. ಇಂದಿನ ಸಾಧನಗಳು ಬಹುಮಟ್ಟಿಗೆ ಕೆಲಸ ಮಾಡುವುದು ಆ ವೇಗದ ಮೇಲೆಯೇ.

## ಮ್ಯಾಪಿಂಗ್ ಕೋಣೆಯಲ್ಲಿ ಎಳೆಯುವ ಎರಡು ಗೆರೆಗಳು

ಶಸ್ತ್ರಚಿಕಿತ್ಸೆಯ ಗಾಯ ಮಾಗಿದ ಮೇಲೆ ಪ್ರೊಸೆಸರನ್ನು ಮೊದಲ ಸಲ ಚಾಲೂ ಮಾಡುವ ದಿನವನ್ನು ಎಲ್ಲರೂ 'ಸ್ವಿಚ್ ಆನ್' ಎಂದೇ ಕರೆಯುತ್ತಾರೆ. ಆ ದಿನ ಮತ್ತು ಅನಂತರ ಪದೇಪದೇ ನಡೆಯುವ ಹೊಂದಾಣಿಕೆಗೆ ಮ್ಯಾಪಿಂಗ್ ಎಂದು ಹೆಸರು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೇ ಆಗಲಿ, ಬೇರೆಲ್ಲೇ ಆಗಲಿ, ಮ್ಯಾಪಿಂಗ್‌ಗೆ ಹೋದವರು ಕಾಣುವುದು ಒಂದೇ ಬಗೆಯ ನೋಟ: ಪ್ರೊಸೆಸರಿಗೆ ಜೋಡಿಸಿದ ಕಂಪ್ಯೂಟರು, ಪರದೆಯ ಮೇಲೆ ಸಾಲಾಗಿ ನಿಂತ ಕಂಬಗಳು, ಪ್ರತಿ ಕಂಬದ ಕೆಳತುದಿಗೂ ಮೇಲ್ತುದಿಗೂ ಒಂದೊಂದು ಸಂಖ್ಯೆ. ಒಂದು ಕಂಬವೆಂದರೆ ಒಂದು ಎಲೆಕ್ಟ್ರೋಡ್.

ಕೆಳತುದಿ ಟಿ ಲೆವೆಲ್. ಆ ಎಲೆಕ್ಟ್ರೋಡಿನಲ್ಲಿ ಎಷ್ಟು ವಿದ್ಯುತ್ತು ಕೊಟ್ಟರೆ ಸದ್ದು ಈಗಷ್ಟೇ ಕೇಳಿಸಿದಂತಾಗುತ್ತದೋ ಅದು. ಮೇಲ್ತುದಿ ಸಿ ಲೆವೆಲ್. ಜೋರಾಗಿದೆ, ಆದರೂ ಹಿತವಾಗಿಯೇ ಇದೆ ಎನ್ನಬಹುದಾದ ಕೊನೆಯ ಹಂತ ಅದು. ಬೇರೆ ಕಂಪನಿಗಳು ಅದನ್ನು ಎಂ ಲೆವೆಲ್, ಎಂಸಿಎಲ್ ಎಂದೂ ಕರೆಯುತ್ತವೆ. ದೊಡ್ಡವರಾದರೆ ಆಡಿಯಾಲಜಿಸ್ಟ್ ಒಂದು ಪಟ್ಟಿಯನ್ನು ಕೈಗೆ ಕೊಡುತ್ತಾರೆ: ಕೇಳಿಸುತ್ತಿಲ್ಲ, ತೀರ ಮೆಲ್ಲಗೆ, ಮೆಲ್ಲಗೆ, ಸರಿಯಾಗಿದೆ, ಜೋರು, ತುಂಬ ಜೋರು, ತಡೆಯಲಾರೆ. ಒಂದು ಎಲೆಕ್ಟ್ರೋಡಿನಲ್ಲಿ ಬೀಪ್ ಬೀಪ್ ಎಂದು ಸದ್ದು ಕೊಡುತ್ತ ಹಂತಹಂತವಾಗಿ ಏರಿಸುತ್ತಾರೆ. ಕೇಳುತ್ತಿರುವವರು ಪಟ್ಟಿಯ ಮೇಲೆ ಬೆರಳಿಡುತ್ತಾರೆ. ಕೆಳಗಿನ ಹಂತಗಳಲ್ಲಿ ದೊಡ್ಡ ಹೆಜ್ಜೆ ಇಟ್ಟರೂ ನಡೆಯುತ್ತದೆ. 'ಜೋರು' ಎಂಬಲ್ಲಿಗೆ ಬೆರಳು ಬಂದಾಗ ಹೆಜ್ಜೆಗಳು ಚಿಕ್ಕವಾಗುತ್ತವೆ, ಏಕೆಂದರೆ ನಲ್ಲಿ ಭುಸ್ಸೆನ್ನುವ ಜಾಗ ಅದೇ.

ಒಂದು ಲೆಕ್ಕ ಹಾಕಿ ನೋಡಬಹುದು. ಕಾಕ್ಲಿಯರ್ ಕಂಪನಿಯ ಹಲವು ಇಂಪ್ಲಾಂಟ್‌ಗಳಲ್ಲಿ ವಿದ್ಯುತ್ತಿನ ಪ್ರಮಾಣವನ್ನು 0ಯಿಂದ 255ರವರೆಗಿನ ಹಂತಗಳಲ್ಲಿ ಸೂಚಿಸುತ್ತಾರೆ. 0 ಎಂದರೆ 17.5 ಮೈಕ್ರೋಆಂಪಿಯರ್, 255 ಎಂದರೆ 1750 ಮೈಕ್ರೋಆಂಪಿಯರ್. ಪ್ರತಿ ಹಂತಕ್ಕೂ ವಿದ್ಯುತ್ತು ಶೇಕಡಾ 1.8ರಷ್ಟು ಏರುತ್ತದೆ. ಒಬ್ಬರಿಗೆ ಒಂದು ಎಲೆಕ್ಟ್ರೋಡಿನಲ್ಲಿ ಟಿ 100, ಸಿ 150 ಬಂದಿದೆ ಎಂದುಕೊಳ್ಳೋಣ. ಹಾಗಾದರೆ ಕೇಳಿಸತೊಡಗುವುದು ಸುಮಾರು 106 ಮೈಕ್ರೋಆಂಪಿಯರ್‌ಗೆ, ಸಾಕೆನಿಸುವುದು ಸುಮಾರು 263 ಮೈಕ್ರೋಆಂಪಿಯರ್‌ಗೆ. ಅವರ ಪಾಲಿನ ಮೆಲುದನಿಯಿಂದ ಅಬ್ಬರದವರೆಗಿನ ಇಡೀ ಲೋಕ ಎರಡೂವರೆ ಪಟ್ಟು ವಿದ್ಯುತ್ತಿನೊಳಗೆ ಮುಗಿಯಿತು.

ಈ ಕಿರಿದಾದ ಜಾಗದಲ್ಲಿ ಹೊರಗಿನ ಲೋಕವನ್ನು ಕೂರಿಸಬೇಕು. ಎಲ್ಲವನ್ನೂ ಕೂರಿಸಲಾಗದು, ಹಾಗಾಗಿ ಮಾತಿಗೆ ಮುಖ್ಯವಾದಷ್ಟನ್ನು ಆರಿಸಿಕೊಳ್ಳುತ್ತಾರೆ. ಇದೇ ಕಂಪನಿಯ ಸಾಮಾನ್ಯ ಹೊಂದಾಣಿಕೆಯಲ್ಲಿ ಸುಮಾರು 25 ಡೆಸಿಬೆಲ್‌ನ ಸದ್ದನ್ನು ಟಿ ಗೆರೆಯ ಮೇಲೆ, 65 ಡೆಸಿಬೆಲ್‌ನದನ್ನು ಸಿ ಗೆರೆಯ ಮೇಲೆ ಇಡುತ್ತಾರೆ. ನಡುವಿನ 40 ಡೆಸಿಬೆಲ್ ಎಂದರೆ ಒತ್ತಡದಲ್ಲಿ ನೂರು ಪಟ್ಟು ವ್ಯತ್ಯಾಸ. ಅದನ್ನು ನಮ್ಮ ಉದಾಹರಣೆಯವರ ಎರಡೂವರೆ ಪಟ್ಟಿನೊಳಗೆ ಮಡಚಲಾಗುತ್ತದೆ. ಬೇರೆ ಕಂಪನಿಗಳು ಹೊರಗಿನ ಹರವನ್ನು ಇನ್ನಷ್ಟು ಅಗಲವಾಗಿ ತೆಗೆದುಕೊಳ್ಳುತ್ತವೆ. ಯಾವುದರಲ್ಲೇ ಆಗಲಿ ಕೆಳಗೆರೆಗಿಂತ ಸಣ್ಣ ಸದ್ದು ನರವನ್ನು ತಲುಪುವುದಿಲ್ಲ, ಮೇಲ್ಗೆರೆಗಿಂತ ದೊಡ್ಡ ಸದ್ದು ಮೇಲ್ಗೆರೆಯಲ್ಲೇ ನಿಲ್ಲುತ್ತದೆ.

ನೆಂಟರ ಕೂಗಿಗೆ ಉತ್ತರ ಇಲ್ಲಿದೆ. ಒಂದು ಮೀಟರ್ ದೂರದಿಂದ ಸ್ವಲ್ಪ ಗಟ್ಟಿಯಾಗಿ ಆಡಿದ ಮಾತಿನ ಜೋರಾದ ಸದ್ದುಗಳು ಆಗಲೇ ಮೇಲ್ಗೆರೆಯನ್ನು ಮುಟ್ಟಿರುತ್ತವೆ. ಕೂಗಿದರೆ ಅದಕ್ಕಿಂತ ಮೇಲೇನೂ ಹೋಗುವುದಿಲ್ಲ. ಬದಲಿಗೆ ಕೆಳಗಿದ್ದ ಸದ್ದುಗಳೂ ಮೇಲಕ್ಕೆ ಬಂದು ಎಲ್ಲವೂ ಒಂದೇ ಎತ್ತರದಲ್ಲಿ ನಿಂತು, ಅಕ್ಷರ ಅಕ್ಷರದ ನಡುವಿನ ಏರುತಗ್ಗು ಅಳಿಸಿಹೋಗುತ್ತದೆ. ಪಟಾಕಿಯ ಸದ್ದಿಗೂ ಇದೇ ನಿಯಮ. ಪ್ರೊಸೆಸರ್ ಸರಿಯಾಗಿ ಹೊಂದಿಕೊಂಡಿದ್ದರೆ ಪಟಾಕಿ ಸಿ ಗೆರೆ ದಾಟಿ ನೋಯಿಸಲಾರದು, ಬಿಲ್ಲೆಯನ್ನು ತೆಗೆದಿಟ್ಟರೆ ಹೆಚ್ಚಿನವರಿಗೆ ಪೂರ್ತಿ ನಿಶ್ಶಬ್ದ. ದೀಪಾವಳಿಯ ರಾತ್ರಿ ಬೀದಿಯಲ್ಲಿ ನೆಮ್ಮದಿಯಾಗಿ ಮಲಗಬಲ್ಲವರು ಬಹುಶಃ ಇವರೊಬ್ಬರೇ.

## ಗಟ್ಟಿತನ ಕೂಡುವ ಇತರ ದಾರಿಗಳು

ಇಷ್ಟು ಹೊತ್ತು ವಿದ್ಯುತ್ತಿನ ಪ್ರಮಾಣವೊಂದನ್ನೇ ಹೇಳಿದೆವು. ನಿಜವಾಗಿ ನರ ಲೆಕ್ಕಕ್ಕೆ ತೆಗೆದುಕೊಳ್ಳುವುದು ಒಂದು ಮಿಡಿತದಲ್ಲಿ ಒಟ್ಟು ಎಷ್ಟು ವಿದ್ಯುದಂಶ ಬಂತು ಎಂಬುದನ್ನು. ಬಿಂದಿಗೆ ತುಂಬುವುದು ನಲ್ಲಿಯನ್ನು ಎಷ್ಟು ತೆರೆದಿರಿ ಎಂಬುದರಿಂದ ಮಾತ್ರವಲ್ಲ, ಎಷ್ಟು ಹೊತ್ತು ತೆರೆದಿಟ್ಟಿರಿ ಎಂಬುದರಿಂದಲೂ. ಹಾಗೆಯೇ ಮಿಡಿತದ ಅವಧಿಯನ್ನು ಹೆಚ್ಚಿಸಿದರೂ ಸದ್ದು ಜೋರಾಗುತ್ತದೆ. ಸಾಮಾನ್ಯ ಮಿಡಿತದ ಒಂದು ಮಗ್ಗುಲಿನ ಅವಧಿ 25 ಮೈಕ್ರೋಸೆಕೆಂಡಿನಷ್ಟು. ಒಂದು ಮಗ್ಗುಲಾದ ಕೂಡಲೇ ಅಷ್ಟೇ ವಿದ್ಯುತ್ತು ತಿರುವುಮುರುವಾಗಿ ಹರಿದು ಲೆಕ್ಕ ಚುಕ್ತಾ ಆಗುತ್ತದೆ. ಇಲ್ಲವಾದರೆ ಒಳಗಿನ ಅಂಗಾಂಶಕ್ಕೆ ಹಾನಿ. ಕೆಲವರ ಕಾಕ್ಲಿಯಾದಲ್ಲಿ ವಿದ್ಯುತ್ತಿಗೆ ಅಡ್ಡಿ ಹೆಚ್ಚಿರುತ್ತದೆ. ಆಗ ಪರದೆಯ ಮೇಲೆ ಸಂಖ್ಯೆ ಏರಿಸಿದರೂ ಸಾಧನದ ವೋಲ್ಟೇಜ್ ಸಾಲದೆ ಸದ್ದು ಏರುವುದೇ ಇಲ್ಲ. ಅಂಥವರಿಗೆ ಆಡಿಯಾಲಜಿಸ್ಟ್ ಮಿಡಿತದ ಅವಧಿಯನ್ನು ಅಗಲಿಸುತ್ತಾರೆ.

ಮಿಡಿತಗಳ ವೇಗವೂ ಮುಖ್ಯ. ಒಂದು ಎಲೆಕ್ಟ್ರೋಡಿನಲ್ಲಿ ಸೆಕೆಂಡಿಗೆ 900 ಮಿಡಿತಗಳು ಸಾಮಾನ್ಯ. ಅದನ್ನು ಹೆಚ್ಚಿಸಿದರೆ ಅದೇ ವಿದ್ಯುತ್ತಿಗೆ ಸದ್ದು ಗಟ್ಟಿಯಾಗುತ್ತದೆ. ಹಾಗಾಗಿ ವೇಗ ಬದಲಿಸಿದರೆ ಟಿ, ಸಿ ಗೆರೆಗಳನ್ನೂ ಮತ್ತೆ ಎಳೆಯಬೇಕು.

ಎಲ್ಲಕ್ಕಿಂತ ಹೆಚ್ಚು ಎಡವಟ್ಟಾಗುವುದು ಎಲೆಕ್ಟ್ರೋಡುಗಳು ಒಟ್ಟುಗೂಡಿದಾಗ. ಒಂದೊಂದೇ ಎಲೆಕ್ಟ್ರೋಡನ್ನು ಪರೀಕ್ಷಿಸುವಾಗ ಹಿತವಾಗಿದ್ದ ಮಟ್ಟ, ಮೈಕ್ ತೆರೆದು ಎಲ್ಲವೂ ಮಾತಿನ ಜೊತೆ ಕೆಲಸ ಮಾಡತೊಡಗಿದಾಗ ಹಿತವಾಗಿರುವುದಿಲ್ಲ. ಒಬ್ಬರು ತಾಳ ಹಾಕುವುದಕ್ಕೂ ಭಜನೆಯ ಮಂಡಳಿಯೆಲ್ಲ ಸೇರಿ ತಾಳ ಹಾಕುವುದಕ್ಕೂ ಇರುವ ವ್ಯತ್ಯಾಸವಿದು. ಅದಕ್ಕೇ ಮೈಕ್ ತೆರೆಯುವ ಮೊದಲು ಸಿ ಗೆರೆಗಳನ್ನೆಲ್ಲ ಒಟ್ಟಿಗೆ ಕೆಳಗಿಳಿಸಿ, ಆಮೇಲೆ ಮಾತಾಡುತ್ತ ಮಾತಾಡುತ್ತ ಮೆಲ್ಲಗೆ ಮೇಲೇರಿಸುತ್ತಾರೆ. ಅಕ್ಕಪಕ್ಕದ ಎಲೆಕ್ಟ್ರೋಡುಗಳು ಒಂದೇ ಗಟ್ಟಿತನದಲ್ಲಿ ಕೇಳಿಸುತ್ತಿವೆಯೇ ಎಂಬುದನ್ನೂ ಸಾಲಾಗಿ ನುಡಿಸಿ ವಿಚಾರಿಸುತ್ತಾರೆ; ನಡುವೆ ಒಂದೇ ಒಂದು ಎದ್ದು ಕೇಳಿಸಿದರೂ ಮಾತಿನಲ್ಲಿ ಯಾವುದೋ ಒಂದು ಸ್ವರ ಚುಚ್ಚಿದಂತಾಗುತ್ತದೆ.

## 'ಜೋರು' ಎಂದು ಹೇಳಲು ಬಾರದ ಮಗು

ಹುಟ್ಟಿನಿಂದ ಕೇಳದ ಒಂದೂವರೆ ವರ್ಷದ ಮಗುವಿಗೆ ಜೋರು ಎಂದರೇನು, ಮೆಲ್ಲಗೆ ಎಂದರೇನು ಎಂಬುದೇ ಗೊತ್ತಿರುವುದಿಲ್ಲ. ಪಟ್ಟಿ ತೋರಿಸಿ ಕೇಳುವಂತಿಲ್ಲ. ಟಿ ಗೆರೆಗಾಗಿ ಒಂದು ಆಟ ಕಲಿಸುತ್ತಾರೆ: ಬೀಪ್ ಕೇಳಿಸಿದರೆ ಒಂದು ಬಳೆಯನ್ನು ಡಬ್ಬಿಗೆ ಹಾಕಬೇಕು. ಇನ್ನೂ ಚಿಕ್ಕ ಮಕ್ಕಳಾದರೆ ಆಟ ನಿಲ್ಲಿಸುವುದು, ಕಣ್ಣರಳಿಸುವುದು, ಅಮ್ಮನ ಮುಖ ನೋಡುವುದು ಇವೇ ಗುರುತುಗಳು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ ತಾಯಿಗೆ ಎಷ್ಟೋ ಸಲ ಇದು ಆಡಿಯಾಲಜಿಸ್ಟ್‌ಗಿಂತ ಮೊದಲೇ ತಿಳಿಯುತ್ತದೆ, ಮೈ ಬಿಗಿಯಾದದ್ದು ಅವಳಿಗೆ ತಾನೇ ಗೊತ್ತಾಗುವುದು.

ಸಿ ಗೆರೆಗೆ ದೇಹವೇ ಒಂದು ಸಾಕ್ಷಿ ಕೊಡುತ್ತದೆ. ನಡುಗಿವಿಯಲ್ಲಿರುವ ಒಂದು ಪುಟ್ಟ ಸ್ನಾಯು ಜೋರು ಸದ್ದಿಗೆ ತಾನಾಗಿ ಬಿಗಿಯುತ್ತದೆ. ಇಂಪ್ಲಾಂಟಿನ ವಿದ್ಯುತ್ತಿಗೂ ಹಾಗೆಯೇ ಬಿಗಿಯುತ್ತದೆ. ಎಷ್ಟು ವಿದ್ಯುತ್ತಿಗೆ ಬಿಗಿಯಿತು ಎಂಬುದನ್ನು ಕಿವಿಯಲ್ಲಿ ಸಣ್ಣ ಬಿರಡೆ ಇಟ್ಟು ಅಳೆಯಬಹುದು, ಆ ಮಟ್ಟ ಸಿ ಗೆರೆಗೆ ತಕ್ಕಮಟ್ಟಿಗೆ ಹತ್ತಿರವಿರುತ್ತದೆ. ಇಂಪ್ಲಾಂಟಿನ ಎಲೆಕ್ಟ್ರೋಡುಗಳಿಂದಲೇ ನರದ ಮಿಡಿತವನ್ನು ಹಿಂದಕ್ಕೆ ಓದುವ ಪರೀಕ್ಷೆಯೂ ಇದೆ. ನರ ಎದ್ದಿತು ಎಂಬುದನ್ನು ಅದು ತೋರಿಸುತ್ತದೆ, ಎಷ್ಟು ಗಟ್ಟಿಯಾಗಿ ಕೇಳಿಸಿತು ಎಂಬುದನ್ನು ನೇರವಾಗಿ ಹೇಳುವುದಿಲ್ಲ.

ಸಿ ಗೆರೆ ಅಳತೆ ಮೀರಿದ್ದರೆ ಮಗು ಅಳುತ್ತದೆ, ಬೆಚ್ಚುತ್ತದೆ, ಬಿಲ್ಲೆಯನ್ನು ಕಿತ್ತು ಬಿಸಾಡುತ್ತದೆ. ಮೊಂಡುತನ ಎಂದು ಗದರುವ ಮೊದಲು ಇದೊಂದು ದೂರು ಇರಬಹುದೆಂದು ಯೋಚಿಸುವುದು ಒಳ್ಳೆಯದು.

## ಕುಕ್ಕರ್ ಸೀಟಿಯ ಮರುಕ್ಷಣ

ಅಡುಗೆಮನೆಯಲ್ಲಿ ತಾಯಿ ಮಗುವಿನೊಡನೆ ಮಾತಾಡುತ್ತಿದ್ದಾಳೆ, ನಡುವೆ ಕುಕ್ಕರ್ ಸೀಟಿ ಹೊಡೆಯುತ್ತದೆ. ಸಿ ಗೆರೆ ಇರುವುದರಿಂದ ಮಗುವಿಗೆ ನೋವಾಗುವುದಿಲ್ಲ. ಆದರೆ ಸೀಟಿ ನಿಂತ ಮೇಲೂ ಒಂದೆರಡು ಮಾತು ಮಗುವಿಗೆ ಸರಿಯಾಗಿ ತಲುಪದೆ ಹೋಗಬಹುದು.

ಕಾರಣ, ಎರಡು ಗೆರೆಗಳಿಗೂ ಮೊದಲೇ ಪ್ರೊಸೆಸರಿನಲ್ಲಿ ಇನ್ನೊಬ್ಬ ಕಾವಲುಗಾರನಿದ್ದಾನೆ. ಮೈಕಿಗೆ ದೊಡ್ಡ ಸದ್ದು ಬಡಿದರೆ ಈ ಕಾವಲು ಮೈಕಿನ ಗ್ರಹಣಶಕ್ತಿಯನ್ನು ತಟಕ್ಕನೆ ತಗ್ಗಿಸಿ, ಸದ್ದು ನಿಂತ ಮೇಲೆ ಮೆಲ್ಲಗೆ ಮೊದಲಿನ ಮಟ್ಟಕ್ಕೆ ತರುತ್ತದೆ. ತಗ್ಗಿಸುವಾಗ ಸೀಟಿ, ಮಾತು ಎಂಬ ಭೇದವಿಲ್ಲ. ಒಂದೇ ಮೈಕಿನಿಂದ ಬಂದದ್ದೆಲ್ಲ ಒಟ್ಟಿಗೆ ತಗ್ಗುತ್ತದೆ. ಬೇಗ ಮೊದಲಿನಂತಾದರೆ ಸದ್ದು ಪ್ರತಿ ಬಡಿತಕ್ಕೂ ಏರಿಳಿದು ಕಿರಿಕಿರಿ, ನಿಧಾನವಾದರೆ ಮಾತು ತಪ್ಪುತ್ತದೆ. ಕೆಲವು ಸಾಧನಗಳಲ್ಲಿ ಇದಕ್ಕಾಗಿ ಎರಡು ಕಾವಲುಗಳನ್ನು ಇಟ್ಟಿರುತ್ತಾರೆ: ಸುತ್ತಲಿನ ಒಟ್ಟು ಗದ್ದಲಕ್ಕೆ ನಿಧಾನದ್ದೊಂದು, ದಿಢೀರ್ ಸದ್ದಿಗೆ ಚುರುಕಿನದೊಂದು.

ವಾಲ್ಯೂಮ್ ಮತ್ತು ಸೆನ್ಸಿಟಿವಿಟಿ ಎಂಬ ಎರಡು ಹೊಂದಾಣಿಕೆಗಳನ್ನು ಗೊಂದಲ ಮಾಡಿಕೊಳ್ಳುವುದು ಇಲ್ಲಿಯೇ. ಸೆನ್ಸಿಟಿವಿಟಿ ಏರಿಸಿದರೆ ಮೈಕು ಇನ್ನೂ ದೂರದ, ಇನ್ನೂ ಸಣ್ಣ ಸದ್ದನ್ನು ಒಳಗೆ ತರುತ್ತದೆ, ಅದರ ಜೊತೆಗೆ ಫ್ಯಾನಿನ ಸದ್ದೂ ಬರುತ್ತದೆ, ಮೇಲ್ಗೆರೆ ಕದಲುವುದಿಲ್ಲ. ವಾಲ್ಯೂಮ್ ಏರಿಸಿದರೆ ಮೇಲ್ಗೆರೆಯೇ ಸ್ವಲ್ಪ ಮೇಲಕ್ಕೆ ಸರಿಯುತ್ತದೆ. ನೆಂಟರು ಸಲಹೆ ಕೊಟ್ಟದ್ದು ವಾಲ್ಯೂಮನ್ನು, ಅವರಿಗೆ ಬೇಕಿದ್ದದ್ದು ಎರಡೂ ಅಲ್ಲ, ಹತ್ತಿರ ಬಂದು ಕೂಗದೆ ಸಹಜ ದನಿಯಲ್ಲಿ ಮಾತಾಡುವುದು. ಬಯಲಿನಲ್ಲಿ ದೂರ ಅರ್ಧವಾದರೆ ಸದ್ದು 6 ಡೆಸಿಬೆಲ್ ಏರುತ್ತದೆ, ಗದ್ದಲ ಮಾತ್ರ ಇದ್ದಷ್ಟೇ ಇರುತ್ತದೆ.

## ಹಕ್ಕಿಯೋ, ಅಕ್ಕಿಯೋ?

ಒಂದೇ ವಾಕ್ಯದೊಳಗೂ ಎಲ್ಲ ಅಕ್ಷರಗಳಿಗೆ ಒಂದೇ ಬಲವಿಲ್ಲ. ಆ, ಓ ಮುಂತಾದ ಸ್ವರಗಳು ಬಲವಾದವು; ಸ, ಫ, ಹ ಇವು ಬರೀ ಉಸಿರು. ಟಿ ಗೆರೆ ಅಗತ್ಯಕ್ಕಿಂತ ಕೆಳಗಿದ್ದರೆ ಈ ಉಸಿರಿನ ಅಕ್ಷರಗಳು ವಿದ್ಯುತ್ತಾಗಿ ನರವನ್ನು ತಲುಪಿಯೂ ಕೇಳಿಸುವುದಿಲ್ಲ. ಕನ್ನಡದ ಮಗುವಿನಲ್ಲಿ ಇದು ಬಲು ಬೇಗ ಬಯಲಾಗುತ್ತದೆ: ಹಕ್ಕಿ ಅಕ್ಕಿಯಾಗುತ್ತದೆ, ಹಾಲು ಆಲೂ ಆಗುತ್ತದೆ. ಮನೆಮಂದಿಯೇ 'ಆಲು ಕುಡಿ' ಎನ್ನುವ ಊರಿನವರಾದರೆ ಆ ಗುರುತು ನಂಬುವಂತಿಲ್ಲ, ಅಂಥಲ್ಲಿ ಸೊಪ್ಪು, ಸೂಜಿ ಎಂಬ ಮಾತುಗಳನ್ನು ಆಡಿಸಿ ನೋಡಬೇಕಾಗುತ್ತದೆ. ಟಿ ಗೆರೆ ಅಗತ್ಯಕ್ಕಿಂತ ಮೇಲಿದ್ದರೆ ತದ್ವಿರುದ್ಧ. ಫ್ಯಾನು, ಫ್ರಿಜ್ಜು, ಬಟ್ಟೆ ಸರಿದಾಡುವ ಸದ್ದು ಎಲ್ಲವೂ ಮಾತಿನಷ್ಟೇ ಮುಂದೆ ಬಂದು ನಿಲ್ಲುತ್ತವೆ.

ಎರಡು ಗೆರೆ ಸರಿಯಾಗಿದ್ದರೂ ನಡುವಿನ ಮೆಟ್ಟಿಲುಗಳು ಕಡಿಮೆ. ಸಹಜ ಕಿವಿ ಸುಮಾರು 1 ಡೆಸಿಬೆಲ್ ವ್ಯತ್ಯಾಸವನ್ನೂ ಗುರುತಿಸಬಲ್ಲದು, ಅಂದರೆ ಮೌನದಿಂದ ಅಬ್ಬರದವರೆಗೆ ನೂರರ ಆಸುಪಾಸು ಮೆಟ್ಟಿಲು. ಇಂಪ್ಲಾಂಟ್ ಹಾಕಿಸಿಕೊಂಡವರು ಗುರುತಿಸುವುದು ಸರಾಸರಿ ಇಪ್ಪತ್ತರಷ್ಟು. ಕೆಲವರಿಗೆ ಹತ್ತಕ್ಕೂ ಕಡಿಮೆ, ಕೆಲವರಿಗೆ ನಲವತ್ತರಷ್ಟು. ಮಾತಿಗೆ ಇಷ್ಟು ಸಾಕಾಗುತ್ತದೆ. ಮೃದಂಗದ ತನಿ ಆವರ್ತನದಲ್ಲಿ ಬೆರಳು ಸವರಿದಷ್ಟು ಸಣ್ಣ ನುಡಿತದಿಂದ ಮುಕ್ತಾಯದ ಅಬ್ಬರದವರೆಗೆ ಏರುವ ನಾಜೂಕಿಗೆ ಸಾಲುವುದಿಲ್ಲ.

ಸದ್ದು ಯಾವ ದಿಕ್ಕಿನಿಂದ ಬಂತು ಎಂದು ತಿಳಿಯುವುದರಲ್ಲೂ ಗಟ್ಟಿತನದ ಪಾತ್ರವಿದೆ. ತಲೆಯೇ ಅಡ್ಡವಾಗುವುದರಿಂದ ಆಚೆ ಕಿವಿಗೆ ಸದ್ದು ಮೆಲ್ಲಗೆ ತಲುಪುತ್ತದೆ, ಆ ವ್ಯತ್ಯಾಸದಿಂದ ದಿಕ್ಕು ಗೊತ್ತಾಗುತ್ತದೆ. ಎರಡೂ ಕಿವಿಗೆ ಇಂಪ್ಲಾಂಟ್ ಇದ್ದು, ಎರಡು ಪ್ರೊಸೆಸರುಗಳು ತಮ್ಮ ಪಾಡಿಗೆ ತಾವು ಸದ್ದನ್ನು ಮಡಚಿದರೆ ಆ ವ್ಯತ್ಯಾಸ ಕುಗ್ಗುತ್ತದೆ. ಒಂದು ಕಡೆ ಇಂಪ್ಲಾಂಟ್, ಇನ್ನೊಂದು ಕಡೆ ಹಿಯರಿಂಗ್ ಏಡ್ ಇದ್ದವರಿಗೆ ಎರಡರ ಗಟ್ಟಿತನವನ್ನು ಸರಿತೂಗಿಸುವುದೇ ಬೇರೆ ಕೆಲಸ.

## ಮೊದಲ ತಿಂಗಳುಗಳು ಮತ್ತು ದಿನನಿತ್ಯದ ಪರೀಕ್ಷೆ

ಸ್ವಿಚ್ ಆನ್ ದಿನ 'ಜೋರು' ಎಂದದ್ದು ಎರಡು ವಾರದಲ್ಲಿ 'ಮೆಲ್ಲಗಿದೆ' ಆಗುತ್ತದೆ. ಬಹುಕಾಲ ಸುಮ್ಮನಿದ್ದ ನರಕ್ಕೂ ಮಿದುಳಿಗೂ ವಿದ್ಯುತ್ತು ರೂಢಿಯಾದಂತೆ ತಡೆದುಕೊಳ್ಳುವ ಮಟ್ಟ ಏರುತ್ತದೆ. ಅದಕ್ಕಾಗಿಯೇ ಮೊದಲ ದಿನ ಒಂದೇ ಮ್ಯಾಪ್ ಕೊಡದೆ, ಒಂದಕ್ಕಿಂತ ಒಂದು ತುಸು ಮೇಲಿರುವ ಮೂರು ನಾಲ್ಕು ಪ್ರೋಗ್ರಾಮ್‌ಗಳನ್ನು ಹಾಕಿಕೊಟ್ಟು, ಕೆಲವು ದಿನಗಳಿಗೊಮ್ಮೆ ಮುಂದಿನದಕ್ಕೆ ಬದಲಿಸುವಂತೆ ಹೇಳಿ ಕಳಿಸುವ ರೂಢಿಯಿದೆ. ಗೆರೆಗಳು ಒಂದು ನೆಲೆಗೆ ಬರಲು ಆರು ತಿಂಗಳಿಂದ ಒಂದು ವರ್ಷ ಹಿಡಿಯುವುದು ಸಾಮಾನ್ಯ. ಈ ಅವಧಿಯಲ್ಲಿ ಮ್ಯಾಪಿಂಗ್ ತಪ್ಪಿಸಿದರೆ ಮಗು ಹಳೆಯ, ತಗ್ಗಿದ ಮೇಲ್ಗೆರೆಯೊಳಗೇ ಉಳಿದುಬಿಡುತ್ತದೆ.

ಮನೆಯಲ್ಲಿ ಪ್ರತಿ ಬೆಳಗ್ಗೆ ಮಾಡಬಹುದಾದ ಪರೀಕ್ಷೆಯೊಂದನ್ನು ಕೇಳದ ಮಕ್ಕಳಿಗೆ ಮಾತು ಕಲಿಸುವುದರಲ್ಲಿ ತಜ್ಞರಾಗಿದ್ದ ಡೇನಿಯಲ್ ಲಿಂಗ್ ರೂಪಿಸಿದ್ದು, ಅದು ಅವರ ಹೆಸರಿನಲ್ಲೇ ಬಳಕೆಯಲ್ಲಿದೆ. ಆ, ಊ, ಈ, ಮ್, ಶ್, ಸ್ ಎಂಬ ಆರು ಸದ್ದುಗಳನ್ನು ಬಾಯಿ ಕಾಣದಂತೆ, ಸಹಜ ದನಿಯಲ್ಲಿ, ಮೊದಲು ಹತ್ತಿರದಿಂದ, ಆಮೇಲೆ ಎರಡು ಮೂರು ಮೀಟರ್ ದೂರದಿಂದ ಆಡುವುದು; ಮಗು ಕೈ ಎತ್ತಬೇಕು ಅಥವಾ ತಿರುಗಿ ನುಡಿಯಬೇಕು. ತಗ್ಗು ಸ್ವರದ 'ಮ್'ನಿಂದ ಹೆಚ್ಚು ಸ್ವರದ 'ಸ್'ವರೆಗೆ ಮಾತಿನ ಇಡೀ ಅಗಲ ಇದರಲ್ಲಿ ಬರುತ್ತದೆ. ನಿನ್ನೆ ಮೂರು ಮೀಟರಿನಿಂದ 'ಸ್' ಎಂದರೆ ಕೈ ಎತ್ತಿದ್ದ ಮಗು ಇಂದು ಸುಮ್ಮನಿದ್ದರೆ ಬ್ಯಾಟರಿ ನೋಡಬೇಕು, ಬಿಲ್ಲೆ ಸರಿಯಾಗಿ ಕೂತಿದೆಯೇ ನೋಡಬೇಕು, ಮೈಕಿನ ಮುಸುಕಿಗೆ ಎಣ್ಣೆ, ಬೆವರು, ಧೂಳು ಕಟ್ಟಿಕೊಂಡಿದೆಯೇ ನೋಡಬೇಕು. ಇವೆಲ್ಲ ಸರಿಯಿದ್ದೂ ಎರಡು ದಿನ ಹಾಗೆಯೇ ಆದರೆ, ಯಾವ ಸದ್ದು ಎಷ್ಟು ದೂರದಿಂದ ತಪ್ಪಿತು ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಮ್ಯಾಪಿಂಗ್‌ಗೆ ಹೋದರೆ, ಯಾವ ಕಂಬದ ಯಾವ ತುದಿಯನ್ನು ಮೊದಲು ಮುಟ್ಟಬೇಕೆಂಬುದು ಆಡಿಯಾಲಜಿಸ್ಟ್‌ಗೆ ಆ ಚೀಟಿಯಿಂದಲೇ ಅರ್ಧ ತಿಳಿದುಹೋಗುತ್ತದೆ.